ಹಳೇ ಇಟ್ಟಿಗೆ ಗೋಡೆಗೆ ರೆಡಿಮೇಡ್ ಕಾಂಕ್ರೀಟ್ ಬಾಲ್ಕನಿ: ಕೂರಿಸಬಹುದಾ?

ಸಾಗರ_ಮನೆ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನಮ್ಮದು 1992ರಲ್ಲಿ ಕಟ್ಟಿದ ಮನೆ. ಪಿಲ್ಲರ್ ಇಲ್ಲ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಅದರ ಮೇಲೇ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ಇನ್ನೊಂದು ಮಹಡಿ. ಮಹಡಿ ಕೋಣೆಯ ರಸ್ತೆ ಕಡೆ ಕಿಟಕಿಯನ್ನು ಬಾಗಿಲು ಮಾಡಿಸಿ, ಹತ್ತಡಿ ಉದ್ದ ನಾಲ್ಕಡಿ ಅಗಲದ ಬಾಲ್ಕನಿ ಹಾಕಿಸಬೇಕು ಅಂತ ಇದ್ದೇವೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಇಳಿಯೋಕೆ ಆಗಲ್ಲ. ಸಂಜೆ ಹೊತ್ತು ಹೊರಗೆ ಕೂತು ನಾಲ್ಕು ಜನರನ್ನು ನೋಡುವ ಹಾಗಾದರೆ ಸಾಕು ಅಂತಾರೆ.

ಕಂಟ್ರಾಕ್ಟರ್ ಒಬ್ಬರು ಬಂದು ನೋಡಿದರು. ಫ್ಯಾಕ್ಟರಿಯಲ್ಲಿ ಎರಕ ಹೊಯ್ದ ಆರಿಂಚು ದಪ್ಪದ ಸ್ಲ್ಯಾಬ್ ಲಾರಿಯಲ್ಲಿ ಬರುತ್ತೆ, ಕ್ರೇನಲ್ಲಿ ಎತ್ತಿ ಹಿಡಿದು, ಗೋಡೆಗೆ ತೂತು ಕೊರೆದು ಕೆಮಿಕಲ್ ಹಾಕಿ ಎಂಟು ರಾಡ್ ಕೂರಿಸಿದರೆ ಮುಗೀತು, ಸೆಂಟ್ರಿಂಗ್ ಬೇಡ ಕ್ಯೂರಿಂಗ್ ಬೇಡ, ಎರಡು ದಿನದ ಕೆಲಸ ಅಂದರು. ರೇಟೂ ಪರವಾಗಿಲ್ಲ. ಆದರೆ ನಮ್ಮ ಮಳೆ ನಿಮಗೆ ಗೊತ್ತೇ ಇದೆ. ಒಪ್ಪಿಕೊಳ್ಳುವ ಮೊದಲು ತಿಳಿದವರು ಒಂದು ಮಾತು ಹೇಳಿ.

ಮಂಗಳೂರು_ಸ್ಟ್ರಕ್ಚರ್

ದಯವಿಟ್ಟು ಒಪ್ಪಬೇಡಿ. ಅಡ್ವಾನ್ಸ್ ಕೊಟ್ಟಿದ್ದರೂ ನಿಲ್ಲಿಸಿ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಆರಿಂಚು ಅಂದರೆ 150 ಮಿ.ಮೀ. ಕಾಂಕ್ರೀಟ್. ಒಂದು ಚದರ ಮೀಟರಿಗೆ ಅದರದ್ದೇ ತೂಕ 375 ಕಿಲೋ. ಟೈಲ್ಸು, ಗಾರೆ ಸೇರಿ 100 ಕಿಲೋ. ಜನ ನಿಲ್ಲುವ ಭಾರಕ್ಕೆ ಐಎಸ್ 875 (ಕಟ್ಟಡದ ಭಾರಗಳ ಭಾರತೀಯ ಕೋಡ್) ಎರಡನೇ ಭಾಗದ ಪ್ರಕಾರ ವಾಸದ ಮನೆಯ ಬಾಲ್ಕನಿಗೆ 3 ಕಿಲೋನ್ಯೂಟನ್ ಹಿಡಿಯಬೇಕು, ಅಂದರೆ ಸುಮಾರು 300 ಕಿಲೋ. ಒಟ್ಟು 775. ಇದರ ಮೇಲೆ ತುದಿಯಲ್ಲಿ ಮೂರಡಿ ಎತ್ತರದ ನಾಲ್ಕೂವರೆ ಇಂಚಿನ ಇಟ್ಟಿಗೆ ಕಟ್ಟೆ ಕಟ್ಟಿದರೆ ಒಂದು ಮೀಟರ್ ಉದ್ದಕ್ಕೆ ಇನ್ನೊಂದು 230 ಕಿಲೋ.

ತೂಕ ಒಂದು ಕಡೆ ಇರಲಿ. ಇದು ಗೋಡೆಯಿಂದ 1.2 ಮೀಟರ್ ಹೊರಕ್ಕೆ ಚಾಚಿ ನಿಂತಿದೆ, ಕೆಳಗೆ ಆಸರೆ ಇಲ್ಲ. ಹಾಗಾಗಿ ಬುಡದಲ್ಲಿ ಬಗ್ಗಿಸುವ ಬಲ ಮೀಟರಿಗೆ ಸುಮಾರು 830 ಕಿಲೋ-ಮೀಟರ್ (ಕಿಲೋ ಗುಣಿಸು ಮೀಟರ್) ಬರುತ್ತದೆ. ಈ ಬಲವನ್ನು ತಡೆಯುವುದು ಏನು? ಸ್ಲ್ಯಾಬಿನ ಮೇಲ್ಭಾಗದ ಕಬ್ಬಿಣ ಎಳೆಯುತ್ತದೆ, ಕೆಳಭಾಗದ ಕಾಂಕ್ರೀಟ್ ಗೋಡೆಯನ್ನು ಒತ್ತುತ್ತದೆ. ಇವೆರಡರ ನಡುವಿನ ಅಂತರ ಬರೀ ನಾಲ್ಕಿಂಚು. 830ನ್ನು 0.103 ಮೀಟರಿನಿಂದ ಭಾಗಿಸಿ ನೋಡಿ: ಪ್ರತಿ ಮೀಟರಿಗೆ 8 ಟನ್ ಎಳೆತ. ನಿಮ್ಮ ಹತ್ತಡಿಗೆ, ಅಂದರೆ 3 ಮೀಟರಿಗೆ, 24 ಟನ್. ಎಂಟು ರಾಡಿಗೆ ಹಂಚಿದರೆ ಒಂದೊಂದಕ್ಕೆ 3 ಟನ್. ಇದರಲ್ಲಿ ನಾವು ಡಿಸೈನಿನಲ್ಲಿ ಸೇರಿಸುವ ಒಂದೂವರೆ ಪಟ್ಟು ಸುರಕ್ಷತೆ ಇನ್ನೂ ಸೇರಿಲ್ಲ. ಹಳೇ ಇಟ್ಟಿಗೆಯಲ್ಲಿ ಕೆಮಿಕಲ್ ಹಾಕಿ ಕೂರಿಸಿದ ರಾಡ್ ಸುರಕ್ಷಿತವಾಗಿ ತಡೆಯುವುದು ಕೆಲವು ನೂರು ಕಿಲೋ, ಅಷ್ಟೇ.

ಇನ್ನೂ ಒಂದು ವಿಷಯ. ರಾಡ್ ಹೇಗೋ ಗಟ್ಟಿ ಹಿಡಿಯಿತು ಅಂತಲೇ ಇಟ್ಟುಕೊಳ್ಳಿ. ಆಗ ಬಾಲ್ಕನಿ ಗೋಡೆಯನ್ನೇ ಹೊರಕ್ಕೆ ತಿರುವಲು ನೋಡುತ್ತದೆ. ತಿರುವದ ಹಾಗೆ ತಡೆಯುವುದು ಮೇಲಿನ ಗೋಡೆಯ ಮತ್ತು ತಾರಸಿಯ ಭಾರ ಮಾತ್ರ. ನಿಮ್ಮದರಲ್ಲಿ ಅದು ಮೀಟರಿಗೆ ಸುಮಾರು 2.2 ಟನ್ ಇರಬಹುದು. ಒಂಬತ್ತಿಂಚು ಗೋಡೆಯ ನಡುಮಧ್ಯದಿಂದ ಹೊರಮೈಗೆ ಇರುವುದು 115 ಮಿ.ಮೀ. ಗುಣಿಸಿದರೆ ಸುಮಾರು 250 ಬರುತ್ತದೆ. ಬೇಕಾಗಿರುವುದು 830. ಮೂರನೇ ಒಂದು ಭಾಗವೂ ಇಲ್ಲ. ಕಾಂಕ್ರೀಟಿನ ಕೋಡ್ ಐಎಸ್ 456 ಕೇಳುವುದಾದರೋ, ಉರುಳಿಸುವ ಬಲಕ್ಕಿಂತ ತಡೆಯುವ ಬಲ ಜಾಸ್ತಿಯೇ ಇರಬೇಕು ಅಂತ: ಸ್ಥಿರ ಭಾರದ ಪಾಲಿಗೆ 1.2 ಪಟ್ಟು, ಜನರ ಭಾರದ ಪಾಲಿಗೆ 1.4 ಪಟ್ಟು. ಅದರ ಮೇಲೆ ನೀವು ಅದೇ ಗೋಡೆಯಲ್ಲಿ ಬಾಗಿಲಿಗೆ ಜಾಗ ಬೇರೆ ಒಡೆಯುತ್ತೀರಿ.

ಬಾಲ್ಕನಿಯನ್ನು ಗೋಡೆ ಹಿಡಿಯುವುದಿಲ್ಲ. ಅದರ ಹಿಂದೆ, ಕೋಣೆಯೊಳಗೆ ಹೋಗುವ ಸ್ಲ್ಯಾಬ್ ಹಿಡಿಯುತ್ತದೆ. ಹೊರಗೆ ಕಾಣುವ ನಾಲ್ಕಡಿಯ ಮೇಲ್ಭಾಗದ ಕಬ್ಬಿಣ ಒಳಗೂ ಕಡಿಮೆಯೆಂದರೆ ಅಷ್ಟೇ, ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ದೂರ ಓಡಿರಬೇಕು. ಕಟ್ಟುವಾಗಲೇ ಆಗಬೇಕಾದ ಕೆಲಸ ಅದು.

ಮೇಸ್ತ್ರಿ_ಧಾರವಾಡ

ಮಂಗಳೂರಿನವರು ಹೇಳಿದ್ದು ಖರೇ ಐತ್ರಿ. ನಮ್ಮ ಕಡೆ ಹಳೇ ವಾಡೆ ಮನಿಯೊಳಗ ಕಲ್ಲಿನ ಸಜ್ಜಾ ನೋಡಿರ್ತೀರಿ, ನೂರು ವರ್ಷ ಆದ್ರೂ ಅಲುಗಾಡಿಲ್ಲ. ಯಾಕ ಅಂದ್ರ ಅಲ್ಲಿ ಗ್ವಾಡಿ ಎರಡು ಫೂಟು ದಪ್ಪ. ಚಪ್ಪಡಿ ಹೊರಗ ಒಂದೂವರಿ ಫೂಟು ಇದ್ರ ಒಳಗ ಗ್ವಾಡಿ ಪೂರಾ ದಪ್ಪ ಹೊಕ್ಕಿರ್ತದ, ಅದರ ಮ್ಯಾಲ ಮಣ ಮಣ ಕಲ್ಲು ಕುಂತಿರ್ತಾವ. ಒಂಬತ್ತಿಂಚಿನ ಗ್ವಾಡಿಗೆ ನಾಲ್ಕು ಫೂಟು ಹೊರಗ ತಗೀತೀನಿ ಅಂದ್ರ ಅದು ಹೆಂಗ ನಿಲ್ತದ ಹೇಳ್ರಿ?

ಇನ್ನೊಂದು. ಬಾಲ್ಕನಿ, ಸಜ್ಜಾ ಹಾಕೂಮುಂದ ರಾಡು ಮ್ಯಾಲ ಇರಬೇಕು, ತಳಕ್ಕ ಅಲ್ಲ. ಕಟ್ಟೂಮುಂದ ಮ್ಯಾಲೇ ಕಟ್ಟಿರ್ತೀವ್ರಿ. ಆಮ್ಯಾಲ ಕಾಂಕ್ರೀಟ್ ಬುಟ್ಟಿ ಹೊತ್ತಾವರು ಅದರ ಮ್ಯಾಲೇ ತುಳದಾಡ್ತಾರ, ರಾಡು ತಳಕ್ಕ ಕುಂಡ್ರತದ. ಮ್ಯಾಲ ಕಾಂಕ್ರೀಟ್ ಬಿದ್ದ ಮ್ಯಾಲ ಯಾರಿಗೂ ಕಾಣೂದಿಲ್ಲ. ಅದಕ್ಕ ಮ್ಯಾಲಿನ ರಾಡು ಎತ್ತಿ ಹಿಡಿಯೋ ಚೇರ್ ರಾಡು ಒತ್ತೊತ್ತಿ ಇಡಬೇಕು, ಹಲಗಿ ಹಾಸಿ ಅದರ ಮ್ಯಾಲ ಓಡಾಡಬೇಕು. ನನ್ನ ಹುಡುಗರಿಗೆ ಇದನ್ನ ಮೊದಲನೇ ದಿನಾನ ಹೇಳತೀನಿ.

ಮಂಗಳೂರು_ಸ್ಟ್ರಕ್ಚರ್

ಮೇಸ್ತ್ರಿಗಳು ಹೇಳಿದ್ದಕ್ಕೆ ಒಂದು ಅಂಕಿ ಸೇರಿಸುತ್ತೇನೆ. ಮೇಲೆ ಮಾಡಿದ ಲೆಕ್ಕದಲ್ಲಿ ರಾಡು 40 ಮಿ.ಮೀ. ಕೆಳಗೆ ಕುಸಿದರೆ, 8 ಟನ್ ಇದ್ದ ಎಳೆತ 12 ಟನ್ ದಾಟುತ್ತದೆ. ಒಂದೂವರೆ ಪಟ್ಟು ಅಂತ ಇಟ್ಟ ಸುರಕ್ಷತೆ ಪೂರ್ತಿ ಅಲ್ಲೇ ಖರ್ಚಾಯಿತು. ಕೋಣೆಯ ಸ್ಲ್ಯಾಬಿನಲ್ಲಿ ಇಂಥ ತಪ್ಪಾದರೆ ಬಿರುಕು ಬಿಟ್ಟು, ಜೋತು ಬಿದ್ದು ಎಚ್ಚರಿಸುತ್ತದೆ, ಭಾರ ಬೇರೆ ಕಡೆಗೆ ಹಂಚಿ ಹೋಗಲು ದಾರಿಯೂ ಇರುತ್ತದೆ. ಒಂದೇ ಕಡೆ ಹಿಡಿದ ಬಾಲ್ಕನಿಗೆ ಎರಡನೇ ದಾರಿ ಇಲ್ಲ.

ಸಾಗರ_ಮನೆ

ಓದಿ ಎದೆ ಝಲ್ ಅಂದಿತು. ಕಂಟ್ರಾಕ್ಟರಿಗೆ ಸದ್ಯಕ್ಕೆ ಬೇಡ ಅಂತ ಫೋನ್ ಮಾಡಿ ಹೇಳಿದೆ. ಆದರೂ ಒಂದು ಪ್ರಶ್ನೆ. ಬೆಂಗಳೂರಿನಲ್ಲಿ ತಮ್ಮನ ಅಪಾರ್ಟ್‌ಮೆಂಟ್ ಪಕ್ಕದಲ್ಲೇ ದೊಡ್ಡ ಕಟ್ಟಡ ಏಳ್ತಾ ಇದೆ, ಅಲ್ಲಿ ಬಾಲ್ಕನಿಗಳನ್ನು ಕ್ರೇನಲ್ಲಿ ಎತ್ತಿ ಕೂರಿಸೋದನ್ನ ನಾನೇ ನೋಡಿದ್ದೀನಿ. ಅವರು ಹೇಗೆ ಮಾಡ್ತಾರೆ? ಅದು ನಿಲ್ಲುತ್ತೆ ಅಂದರೆ ನಮ್ಮದು ಯಾಕೆ ನಿಲ್ಲಲ್ಲ?

ಪ್ರೀಕಾಸ್ಟ್_ಹೊಸಕೋಟೆ

ಇದೇ ನನ್ನ ದಿನನಿತ್ಯದ ಕೆಲಸ, ಹಾಗಾಗಿ ಬಿಡಿಸಿ ಹೇಳ್ತೀನಿ.

ನೀವು ನೋಡಿದ ಬಾಲ್ಕನಿ ಬಹುಶಃ ಪೂರ್ತಿ ದಪ್ಪದ್ದಲ್ಲ. ನಮ್ಮಲ್ಲಿ ಹೆಚ್ಚಾಗಿ ಬಳಸೋದು ಅರ್ಧ ಸ್ಲ್ಯಾಬ್. ಫ್ಯಾಕ್ಟರಿಯಲ್ಲಿ ಕೆಳಗಿನ ಎರಡೂವರೆ ಮೂರು ಇಂಚು ಮಾತ್ರ ಎರಕ ಹೊಯ್ದಿರ್ತೀವಿ. ಅದರ ಮೈ ಒರಟು, ಅದರೊಳಗಿಂದ ತ್ರಿಕೋನಾಕಾರದ ಲ್ಯಾಟಿಸ್ ಗರ್ಡರ್ ಸರಳು ಮೇಲೆದ್ದಿರುತ್ತೆ. ಸೈಟಲ್ಲಿ ಇದನ್ನ ತಾತ್ಕಾಲಿಕ ಆಸರೆ ಕಂಬಗಳ, ಅಂದರೆ ಪ್ರಾಪ್‌ಗಳ ಮೇಲೆ ಕೂರಿಸಿ, ಪಕ್ಕದ ಕೋಣೆಯ ಅರ್ಧ ಸ್ಲ್ಯಾಬನ್ನೂ ಕೂರಿಸಿ, ಎರಡರ ಮೇಲೂ ಹಾಯುವಂತೆ ಮೇಲಿನ ರಾಡ್ ಕಟ್ಟಿ, ಒಂದೇ ಸಲಕ್ಕೆ ಮೇಲಿನ ಪದರದ ಟಾಪಿಂಗ್ ಕಾಂಕ್ರೀಟ್ ಹಾಕ್ತೀವಿ. ಅಂದರೆ ಬಾಲ್ಕನಿಯನ್ನ ಹಿಡಿಯುವ ಮುಖ್ಯ ಕಬ್ಬಿಣ ಇರೋದು ಸೈಟಲ್ಲಿ ಹಾಕಿದ ಕಾಂಕ್ರೀಟಿನಲ್ಲೇ. ಫ್ಯಾಕ್ಟರಿಯಿಂದ ಬಂದದ್ದು ಸೆಂಟ್ರಿಂಗ್ ಕೆಲಸವನ್ನೂ ಮಾಡುತ್ತೆ, ಆಮೇಲೆ ಸ್ಲ್ಯಾಬಿನ ಭಾಗವೂ ಆಗುತ್ತೆ.

ಎರಡನೇ ವಿಧ ಪೂರ್ತಿ ದಪ್ಪದ ಬಾಲ್ಕನಿ. ಅದರ ಹಿಂಬದಿಯಿಂದ ಮೇಲ್ಭಾಗದ ರಾಡುಗಳು ಉದ್ದಕ್ಕೆ ಹೊರಬಂದಿರುತ್ತವೆ, ಕೆಲವದರಲ್ಲಿ ಯು ಆಕಾರದ ಲೂಪ್ ಇರುತ್ತೆ. ಒಳಗಿನ ಸ್ಲ್ಯಾಬಿಂದಲೂ ಅದೇ ತರಹ ಬಂದಿರುತ್ತೆ. ಎರಡೂ ಒಂದರೊಳಗೊಂದು ಹೊಕ್ಕ ಜಾಗಕ್ಕೆ ನಾವು ವೆಟ್ ಜಾಯಿಂಟ್ ಅಂತೀವಿ. ಲೂಪಿನೊಳಗೆ ಅಡ್ಡ ರಾಡ್ ತೂರಿಸಿ, ಕುಗ್ಗದ ಗ್ರೌಟ್ (ತೆಳು ಸಿಮೆಂಟ್ ಗಾರೆ) ಅಥವಾ ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬ್ತೀವಿ.

ಕೂರಿಸುವ ದಿನ ಹೀಗಿರುತ್ತೆ: ಮೊದಲು ಕೆಳಗೆ ಪ್ರಾಪ್ ನಿಲ್ಲಿಸಿ ಲೆವೆಲ್ ಮಾಡ್ತೀವಿ, ಹೊರ ತುದಿ ಕೆಲವು ಮಿ.ಮೀ. ಎತ್ತರ ಇಡ್ತೀವಿ, ಪ್ರಾಪ್ ತೆಗೆದಾಗ ಸ್ವಲ್ಪ ಇಳಿಯೋದು ಸಹಜ. ಕ್ರೇನ್ ಪೀಸನ್ನ ಒಂದಡಿ ಮೇಲೆ ನಿಲ್ಲಿಸುತ್ತೆ. ಇಬ್ಬರು ಎರಡು ಕಡೆ ಹಗ್ಗ ಹಿಡಿದು ತಿರುಗದ ಹಾಗೆ ನೋಡ್ಕೋತಾರೆ, ಒಳಗಿಂದ ಇನ್ನೊಬ್ಬ ಚಾಚಿದ ರಾಡುಗಳನ್ನ ಬೀಮಿನ ಕಬ್ಬಿಣದ ಸಂದಿಯಲ್ಲಿ ಒಂದೊಂದಾಗಿ ನುಗ್ಗಿಸುತ್ತಾನೆ. ಇಲ್ಲೇ ನಿಜವಾದ ಪರೀಕ್ಷೆ. ಡ್ರಾಯಿಂಗಲ್ಲಿ ಬೀಮಿನ ರಿಂಗುಗಳೂ ಬಾಲ್ಕನಿ ರಾಡುಗಳೂ ಸಲೀಸಾಗಿ ಹಾದು ಹೋಗಿರ್ತವೆ. ಸೈಟಲ್ಲಿ ಒಂದಕ್ಕೊಂದು ತಾಗುತ್ತವೆ. ಕ್ರೇನಿಗೆ ಗಂಟೆ ಲೆಕ್ಕ, ಕೆಳಗೆ ಮುಂದಿನ ಲಾರಿ ಕಾಯ್ತಿದೆ, ಮೇಲಿಂದ ಫೋನ್ ಬರ್ತಿದೆ. ಆಗ ಯಾರಾದರೂ ಗ್ಯಾಸ್ ಕಟರ್ ಕೈಗೆತ್ತಿಕೊಂಡು ಒಂದು ರಾಡ್ ತಾನೇ ಅಂತ ಕತ್ತರಿಸಿದರೆ, ಆ ಬಾಲ್ಕನಿಯ ಎಂಟು ಟನ್ನಲ್ಲಿ ಒಂದು ಪಾಲು ಹೋಯ್ತು. ಕತ್ತರಿಸಿದ್ದು ಮರುದಿನ ಕಾಂಕ್ರೀಟಿನ ಕೆಳಗೆ. ಅದಕ್ಕೆ ನಮ್ಮ ತಂಡದಲ್ಲಿ ನಿಯಮ ಇದೆ: ರಾಡ್ ತಾಗಿದರೆ ಪೀಸ್ ವಾಪಸ್ ಕೆಳಗಿಳಿಯಬೇಕು, ಡಿಸೈನ್ ಇಂಜಿನಿಯರ್ ಬರೆದು ಕೊಡುವವರೆಗೆ ಯಾರೂ ಕಟರ್ ಮುಟ್ಟಬಾರದು.

ಗ್ರೌಟ್ ಹಾಕುವಾಗ ಒಂದು ತುದಿಯಿಂದ ತುಂಬುತ್ತಾ ಹೋಗಬೇಕು, ಇನ್ನೊಂದು ತುದಿಯ ತೂತಿಂದ ಗುಳ್ಳೆ ಇಲ್ಲದೆ ದಪ್ಪಗೆ ಹೊರಬರುವವರೆಗೂ ನಿಲ್ಲಿಸಬಾರದು. ಎರಡೂ ಕಡೆಯಿಂದ ತುಂಬಿದರೆ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತೆ. ಪ್ರಾಪ್ ಬಿಚ್ಚೋದು ದಿನ ಎಣಿಸಿ ಅಲ್ಲ, ಕ್ಯೂಬ್ ಟೆಸ್ಟ್ (ಅದೇ ಕಾಂಕ್ರೀಟಿನ ತುಂಡನ್ನ ಒತ್ತಿ ನೋಡುವ ಬಲದ ಪರೀಕ್ಷೆ) ನೋಡಿ. ಮೇಲಿನ ಮಹಡಿಯ ಬಾಲ್ಕನಿ ಪ್ರಾಪ್ ಈ ಬಾಲ್ಕನಿಯ ಮೇಲೇ ನಿಂತಿರುತ್ತಲ್ಲ, ಹಾಗಾಗಿ ಒಂದೇ ಮಹಡಿಯ ಪ್ರಾಪ್ ಇದ್ದರೆ ಸಾಲದು, ಕೆಳಗೂ ಎರಡು ಮೂರು ಮಹಡಿ ಇರಬೇಕು.

ಇದಕ್ಕೆಲ್ಲ ಐಎಸ್ 15916 ಅನ್ನೋ ಕೋಡ್ ಇದೆ, ನ್ಯಾಷನಲ್ ಬಿಲ್ಡಿಂಗ್ ಕೋಡಿನಲ್ಲೂ ಪ್ರೀಫ್ಯಾಬ್ ಬಗ್ಗೆ ಪ್ರತ್ಯೇಕ ವಿಭಾಗವೇ ಇದೆ. ಚೆನ್ನೈನ ಪೆರುಂಬಾಕ್ಕಂನಲ್ಲಿ ಕೇಂದ್ರದ ಲೈಟ್ ಹೌಸ್ ಯೋಜನೆಯ 1152 ಮನೆಗಳು ಪ್ರೀಕಾಸ್ಟ್, ಅಂದರೆ ಮೊದಲೇ ಎರಕ ಹೊಯ್ದ, ಭಾಗಗಳಿಂದಲೇ ಎದ್ದವು, 2022ರಲ್ಲಿ ಜನರಿಗೆ ಕೊಟ್ಟರು. ಪ್ರೀಕಾಸ್ಟ್ ಕೆಟ್ಟದ್ದಲ್ಲ ಸಾರ್, ಫ್ಯಾಕ್ಟರಿಯಲ್ಲಿ ರಾಡ್ ತುಳಿದಾಡೋರು ಇಲ್ಲ, ಕವರ್, ಅಂದರೆ ರಾಡನ್ನ ಮುಚ್ಚುವ ಕಾಂಕ್ರೀಟಿನ ದಪ್ಪ, ಮಿ.ಮೀ. ಲೆಕ್ಕದಲ್ಲಿ ಸಿಗುತ್ತೆ. ಆದರೆ ನಿಮ್ಮ ಮನೆಯಲ್ಲಿ ಹಿಂದೆ ಕಾಯ್ತಿರುವ ಲೂಪ್ ಇಲ್ಲ, ಟಾಪಿಂಗ್ ಇಲ್ಲ, ಬೀಮ್ ಇಲ್ಲ. ಇರೋದು ಇಟ್ಟಿಗೆ.

ತುಮಕೂರು_ಬಿಲ್ಡರ್ಸ್

ಎಲ್ಲರೂ ಸೇರಿ ಅವರನ್ನ ಹೆದರಿಸ್ತಿದ್ದೀರಿ ಅನ್ಸುತ್ತೆ. ಕೆಮಿಕಲ್ ಹಾಕಿ ರಾಡ್ ಕೂರಿಸೋದು, ಕೆಮಿಕಲ್ ಆಂಕರ್ ಅಂತಾರಲ್ಲ, ಅದು ಈಗ ಸಾಮಾನ್ಯ. ಒಳ್ಳೇ ಕಂಪನಿಯದ್ದಕ್ಕೆ ಟೆಸ್ಟ್ ರಿಪೋರ್ಟ್ ಇರುತ್ತೆ, 12 ಎಂಎಂ ರಾಡಿಗೇ ಟನ್‌ಗಟ್ಟಲೆ ತಡೆಯುತ್ತೆ ಅಂತ ಅದರಲ್ಲೇ ಬರೆದಿರ್ತಾರೆ. ಹಳೇ ಮನೆಗೆ ಬ್ರಾಕೆಟ್ ಹಾಕಿ ಬಾಲ್ಕನಿ ಮಾಡಿಸಿದ ಎಷ್ಟೋ ಮನೆ ನಮ್ಮ ಊರಲ್ಲೇ ಇವೆ, ಏನೂ ಆಗಿಲ್ಲ.

ಮಂಗಳೂರು_ಸ್ಟ್ರಕ್ಚರ್

ನೀವು ಹೇಳುವ ರಿಪೋರ್ಟ್ ನಾನೂ ಬಳಸುತ್ತೇನೆ. ಅದನ್ನು ಪೂರ್ತಿ ಓದಿ. ಟನ್‌ಗಟ್ಟಲೆ ಅಂತ ಇರುವುದು ಬಿರುಕಿಲ್ಲದ, ಇಂತಿಷ್ಟು ಗ್ರೇಡಿನ ಕಾಂಕ್ರೀಟಿಗೆ, ಅಂಚಿನಿಂದ ಇಂತಿಷ್ಟು ದೂರ, ತೂತು ಇಂತಿಷ್ಟು ಆಳ, ಬ್ರಷ್ ಹಾಕಿ ಗಾಳಿ ಊದಿ ಸ್ವಚ್ಛ ಮಾಡಿದ್ದರೆ. ಇಟ್ಟಿಗೆಗೆ ಬೇರೆ ಟೇಬಲ್ ಇರುತ್ತದೆ, ಅದರ ಅಂಕಿ ಎಷ್ಟೋ ಪಾಲು ಚಿಕ್ಕದು. ಹಾಲೋ ಬ್ಲಾಕ್ ಗೋಡೆಯಾದರೆ ಇನ್ನೂ ಕಡಿಮೆ.

ಇನ್ನು ಏನೂ ಆಗಿಲ್ಲ ಅನ್ನುವ ಮಾತು. ಬಾಲ್ಕನಿಯ ಮೇಲ್ಭಾಗದ ರಾಡಿಗೆ ಎಳೆತ ಹಗಲೂ ರಾತ್ರಿ ಇದೆ, ಜನ ಇರಲಿ ಬಿಡಲಿ. ಕೆಮಿಕಲ್ ಆಂಕರಿಗೆ ಬಳಸುವ ಕೆಲವು ಎಪಾಕ್ಸಿ ಅಂಟುಗಳು ಇಂಥ ನಿರಂತರ ಎಳೆತಕ್ಕೆ ನಿಧಾನವಾಗಿ ಹಿಗ್ಗುತ್ತಾ, ಜಾರುತ್ತಾ ಹೋಗುತ್ತವೆ. 2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ ನಗರದ ಸುರಂಗ ರಸ್ತೆಯಲ್ಲಿ ಆದದ್ದು ಇದೇ. ಮೇಲ್ಛಾವಣಿಯ ಕಾಂಕ್ರೀಟ್ ಹಲಗೆಗಳನ್ನು ಎಪಾಕ್ಸಿ ಆಂಕರಿನಿಂದ ನೇತು ಹಾಕಿದ್ದರು. ಹಾಕಿದ ದಿನ ಎಳೆದು ನೋಡಿದಾಗ ಗಟ್ಟಿಯಾಗೇ ಇತ್ತು. ವರ್ಷಗಳ ನಂತರ ಜಾರಿ, ಸುಮಾರು 26 ಟನ್ ಕಾಂಕ್ರೀಟ್ ಒಂದು ಕಾರಿನ ಮೇಲೆ ಬಿದ್ದು ಮಹಿಳೆಯೊಬ್ಬರು ತೀರಿಕೊಂಡರು. ತನಿಖೆ ಮಾಡಿದ ಸಂಸ್ಥೆ ಬರೆದದ್ದು, ಆ ಎಪಾಕ್ಸಿ ನಿರಂತರ ಭಾರಕ್ಕೆ ತಕ್ಕದ್ದಾಗಿರಲಿಲ್ಲ ಅಂತ. ಅಲ್ಲಿ ಇದ್ದದ್ದು ಕಾಂಕ್ರೀಟ್. ಇಲ್ಲಿ ಇಟ್ಟಿಗೆ.

ನಿಮ್ಮ ಊರಿನ ಆ ಬಾಲ್ಕನಿಗಳು ಇವತ್ತು ನಿಂತಿವೆ, ಒಪ್ಪುತ್ತೇನೆ. ಹಬ್ಬದ ದಿನ ಮೆರವಣಿಗೆ ನೋಡೋಕೆ ಹದಿನೈದು ಜನ ಒಟ್ಟಿಗೆ ಬಂದು ಕಟ್ಟೆಗೆ ಒರಗಿದಾಗಲೂ ನಿಲ್ಲಬೇಕು. ನಮ್ಮ ಕೋಡಿನಲ್ಲಿ ಬಾಲ್ಕನಿಗೆ ಕೋಣೆಗಿಂತ ಜಾಸ್ತಿ ಭಾರ ಹಿಡಿಯಿರಿ ಅಂತ ಬರೆದಿರುವುದು ಇದೇ ಕಾರಣಕ್ಕೆ. ಭೂಕಂಪದ ಕೋಡ್ ಐಎಸ್ 1893 ಕೂಡ ಬಾಲ್ಕನಿಯಂಥ ಚಾಚುಗಳಿಗೆ ಲಂಬ ದಿಕ್ಕಿನ ಅಲುಗಾಟವನ್ನು ಐದು ಪಟ್ಟು ಹಿಡಿಯಿರಿ ಅನ್ನುತ್ತದೆ.

ದಾವಣಗೆರೆ_ಸಿವಿಲ್_ವಿದ್ಯಾರ್ಥಿ

ಸರ್, ಕಾಂಕ್ರೀಟ್ ಬಾಲ್ಕನಿ ಬಿದ್ದು ತನಿಖೆ ಆದ ಉದಾಹರಣೆ ಇದ್ದರೆ ಹೇಳಿ. ಕ್ಲಾಸಲ್ಲಿ ಕ್ಯಾಂಟಿಲಿವರ್ (ಒಂದೇ ಕಡೆ ಹಿಡಿದ ಚಾಚು) ಅಂದ್ರೆ ಬುಡದ ಬಗ್ಗಿಸುವ ಬಲ ಡಬ್ಲ್ಯೂ ಎಲ್ ಸ್ಕ್ವೇರ್ ಬೈ ಟೂ ಅಂತ ಬರೆಸಿ ಮುಂದೆ ಹೋಗ್ತಾರೆ.

ಮಂಗಳೂರು_ಸ್ಟ್ರಕ್ಚರ್

ಮೂರು ಹೇಳುತ್ತೇನೆ, ಮೂರರಲ್ಲೂ ಕಲಿಯುವುದು ಬೇರೆ ಬೇರೆ.

ಫ್ರಾನ್ಸಿನ ಆಂಜೆ ನಗರ, 2016ರ ಅಕ್ಟೋಬರ್ 15. ಹೊಸ ಮನೆಗೆ ಬಂದ ಖುಷಿಗೆ ವಿದ್ಯಾರ್ಥಿಗಳು ಸೇರಿದ್ದರು. ಮೂರನೇ ಮಹಡಿಯ ಬಾಲ್ಕನಿ ಬುಡದಲ್ಲೇ ಮುರಿದು ಕೆಳಗಿನ ಬಾಲ್ಕನಿಗಳನ್ನೂ ಎಳೆದುಕೊಂಡು ಬಿತ್ತು. ನಾಲ್ಕು ಜನ ಸತ್ತರು. ಕಟ್ಟಡಕ್ಕೆ ಇಪ್ಪತ್ತು ವರ್ಷವೂ ಆಗಿರಲಿಲ್ಲ. ತನಿಖೆಯಲ್ಲಿ ಹೊರಬಂದದ್ದು: ಮೇಲೆ ಇರಬೇಕಾದ ಕಬ್ಬಿಣ ಕೆಳಗೆ ಇತ್ತು. ಧಾರವಾಡದ ಮೇಸ್ತ್ರಿಗಳು ಮೊದಲನೇ ದಿನವೇ ಹುಡುಗರಿಗೆ ಹೇಳುವ ಮಾತು ಅಲ್ಲಿ ಪಾಲನೆಯಾಗಿರಲಿಲ್ಲ.

ನೆದರ್ಲೆಂಡ್ಸಿನ ಲೇವಾರ್ಡೆನ್, 2011ರ ಮೇ. 1960ರ ದಶಕದ ಫ್ಲಾಟಿನ ಹೊರಚಾಚಿದ ಓಣಿ ಸ್ಲ್ಯಾಬುಗಳು ಒಂದರ ಮೇಲೊಂದು ಬಿದ್ದವು. ಪುಣ್ಯಕ್ಕೆ ಯಾರೂ ಇರಲಿಲ್ಲ. ಅಲ್ಲೂ ಕಬ್ಬಿಣ ಡ್ರಾಯಿಂಗಿಗಿಂತ ಕೆಳಗೆ ಕೂತಿತ್ತು. ಜೊತೆಗೆ ಚಳಿಗಾಲದಲ್ಲಿ ಹಿಮ ಕರಗಿಸಲು ಎರಚುವ ಉಪ್ಪು ಗೋಡೆಯಂಚಿನ ಬಿರುಕಿನಲ್ಲಿ ಇಳಿದು ರಾಡನ್ನು ತಿಂದಿತ್ತು. ಆಮೇಲೆ ಅಲ್ಲಿನ ಸರ್ಕಾರ ಇಂಥ ಫ್ಲಾಟುಗಳನ್ನೆಲ್ಲ ಮಾಲೀಕರು ಪರೀಕ್ಷೆ ಮಾಡಿಸಲೇಬೇಕು ಅಂತ ಕಡ್ಡಾಯ ಮಾಡಿತು. ಮಂಗಳೂರು, ಉಡುಪಿ, ಕಾರವಾರದಲ್ಲಿ ಉಪ್ಪನ್ನು ಯಾರೂ ಎರಚಬೇಕಿಲ್ಲ, ಗಾಳಿಯೇ ತರುತ್ತದೆ.

ಮೂರನೆಯದು ಅದೇ ದೇಶದ ಮಾಸ್ಟ್ರಿಕ್ಟ್, 2003ರ ಏಪ್ರಿಲ್ 24. ಐದು ಬಾಲ್ಕನಿಗಳು ಬಿದ್ದು ಇಬ್ಬರು ಸತ್ತರು. ಇದು ಚಾಚು ಬಾಲ್ಕನಿ ಅಲ್ಲ, ಕಂಬದ ಆಸರೆ ಇತ್ತು! ಕಂಬದ ಭಾರ ಹೊತ್ತಿದ್ದ ಪುಟ್ಟ ಕಾಂಕ್ರೀಟ್ ಅಂಚಿಗೆ ಸಾಕಷ್ಟು ಕಬ್ಬಿಣ ಇರಲಿಲ್ಲ. ಅದು ಮುರಿಯಿತು, ಮೇಲಿನ ಸಾಲು ಪೂರ್ತಿ ಇಳಿಯಿತು. ಕಂಬ ಇದೆ ಅಂದ ಮಾತ್ರಕ್ಕೆ ನಿರಾಳ ಆಗಬೇಡಿ, ಕಂಬ ಎಲ್ಲಿ ನಿಂತಿದೆ ಅಂತ ನೋಡಬೇಕು.

ಪ್ರೀಕಾಸ್ಟ್ ಜೋಡಣೆ ಬಗ್ಗೆ ಓದುವುದಾದರೆ ಲಂಡನ್ನಿನ ರೋನನ್ ಪಾಯಿಂಟಿನಿಂದ ಶುರು ಮಾಡಿ. 1968ರ ಮೇ 16, 22 ಮಹಡಿಯ ಕಟ್ಟಡದ 18ನೇ ಮಹಡಿಯಲ್ಲಿ ಗ್ಯಾಸ್ ಸ್ಫೋಟ. ಒಂದು ಗೋಡೆ ಹಲಗೆ ಹೊರಗೆ ಹಾರಿತು, ಹಲಗೆಗಳ ನಡುವೆ ಗಟ್ಟಿ ಕಟ್ಟು ಇಲ್ಲದ್ದರಿಂದ ಇಡೀ ಮೂಲೆ ಕುಸಿಯಿತು. ನಾಲ್ವರು ಸತ್ತರು. ಪ್ರೀಕಾಸ್ಟ್ ಭಾಗಗಳನ್ನು ಒಂದಕ್ಕೊಂದು ಕಬ್ಬಿಣದಿಂದ ಕಟ್ಟಲೇಬೇಕು ಅನ್ನುವ ನಿಯಮಗಳು ಬಿಗಿಯಾದದ್ದು ಅದಾದ ಮೇಲೆ.

ಲೈಪ್‌ಜಿಗ್_ಕನ್ನಡಿಗ

ನಾನಿರುವ ಊರಲ್ಲಿ ಸಾಗರದವರ ಸಮಸ್ಯೆಯನ್ನೇ ಸಾವಿರಾರು ಮನೆಗಳಲ್ಲಿ ಬಿಡಿಸಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಹಳೇ ಪೂರ್ವ ಜರ್ಮನಿಯಲ್ಲಿ ಪ್ಲಾಟೆನ್‌ಬೌ ಅನ್ನುವ ಪ್ಯಾನೆಲ್ ಕಟ್ಟಡಗಳು ಎಲ್ಲೆಲ್ಲೂ ಇವೆ. ಡಬ್ಲ್ಯೂಬಿಎಸ್ 70 ಅನ್ನುವ ಮಾದರಿಯ ಮೊದಲ ಕಟ್ಟಡ 1973ರಲ್ಲಿ ನಾಯ್‌ಬ್ರಾಂಡನ್‌ಬುರ್ಗ್‌ನಲ್ಲಿ ಎದ್ದಿತು. ಎರಡು ಜರ್ಮನಿ ಒಂದಾದ ಮೇಲೆ ಇಂಥ ಕಟ್ಟಡಗಳನ್ನು ದುರಸ್ತಿ ಮಾಡುವಾಗ ಎಷ್ಟೋ ಕಡೆ ಹೊಸ ಬಾಲ್ಕನಿ ಸೇರಿಸಿದರು. ಹಳೇ ಗೋಡೆಯಿಂದ ನೇತು ಹಾಕಲಿಲ್ಲ. ಕಟ್ಟಡದ ಮುಂದೆ ಹೊಸ ಪಾಯ ಹಾಕಿ, ನಾಲ್ಕು ಕಾಲಿನ ಮೇಲೆ ಫ್ಯಾಕ್ಟರಿ ಸ್ಲ್ಯಾಬುಗಳನ್ನು ಒಂದರ ಮೇಲೊಂದು ಕೂರಿಸುತ್ತಾ ಹೋದರು. ಹಳೇ ಕಟ್ಟಡಕ್ಕೆ ಪ್ರತಿ ಮಹಡಿಯಲ್ಲಿ ಒಂದೆರಡು ಸ್ಟೀಲ್ ಕೊಂಡಿ, ಅದೂ ಬಾಲ್ಕನಿ ಹೊರಕ್ಕೆ ವಾಲದ ಹಾಗೆ ಹಿಡಿಯಲು ಮಾತ್ರ. ತೂಕ ಎಲ್ಲ ನೇರ ನೆಲಕ್ಕೆ.

ಹೊಸ ಕಟ್ಟಡಗಳಲ್ಲಿ ಚಾಚು ಬಾಲ್ಕನಿಯೇ ಇರುತ್ತದೆ. ಆದರೆ ಒಳಗಿನ ಸ್ಲ್ಯಾಬಿಗೂ ಹೊರಗಿನದಕ್ಕೂ ನಡುವೆ ಶಾಖ ತಡೆಯುವ ಪಟ್ಟಿ ಇಟ್ಟು, ಅದರೊಳಗೆ ಸ್ಟೇನ್‌ಲೆಸ್ ರಾಡ್ ಹಾಯಿಸುತ್ತಾರೆ. ಇಲ್ಲದಿದ್ದರೆ ಮೈನಸ್ ಹತ್ತರ ಚಳಿ ಬಾಲ್ಕನಿಯ ಮೂಲಕ ಕೋಣೆಯ ಸೂರಿಗೆ ಬಂದು ಬೂಸ್ಟು ಹಿಡಿಯುತ್ತದೆ. ಷೋಕ್ ಕಂಪನಿಯ ಈಸೊಕೋರ್ಬ್ 1983ರಲ್ಲಿ ಬಂದದ್ದು ಇದಕ್ಕೇ. ಸಾಗರಕ್ಕೆ ಅದು ಬೇಡ. ನಾಲ್ಕು ಕಾಲಿನದು ಬೇಕು.

ಸಾಗರ_ಮನೆ

ನಾಲ್ಕು ಕಾಲು ಅಂದರೆ ಅರ್ಥ ಆಯ್ತು. ಮನೆ ಮುಂದೆ ಆರಡಿ ಜಾಗ ಇದೆ, ಕಾರ್ ನಿಲ್ಲಿಸಲ್ಲ. ಹಾಗಾದರೆ ಆ ರೆಡಿಮೇಡ್ ಸ್ಲ್ಯಾಬನ್ನೇ ನಾಲ್ಕು ಕಂಬದ ಮೇಲೆ ಇಡಬಹುದಾ? ಮಣ್ಣು ಜಂಬಿಟ್ಟಿಗೆ.

ಪ್ರೀಕಾಸ್ಟ್_ಹೊಸಕೋಟೆ

ಅದೇ ಸ್ಲ್ಯಾಬ್ ಬೇಡ! ಇದನ್ನ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಚಾಚು ಬಾಲ್ಕನಿಗೆ ಅಂತ ಮಾಡಿದ ಸ್ಲ್ಯಾಬಲ್ಲಿ ಮುಖ್ಯ ಕಬ್ಬಿಣ ಮೇಲೆ. ಎರಡು ತುದಿಗೂ ಆಸರೆ ಕೊಟ್ಟರೆ ಅದು ನಡುವೆ ಕೆಳಕ್ಕೆ ಬಾಗುತ್ತೆ, ಆಗ ಕಬ್ಬಿಣ ಕೆಳಗೆ ಬೇಕು. ಹತ್ತಡಿಗೆ ಕೂರಿಸ್ತೀರೋ ನಾಲ್ಕಡಿಗೆ ಕೂರಿಸ್ತೀರೋ, ಬೀಮ್ ಎಲ್ಲೆಲ್ಲಿ ಬರುತ್ತೆ ಅಂತ ಹೇಳಿ, ಅದಕ್ಕೆ ತಕ್ಕ ಡ್ರಾಯಿಂಗ್ ಕೊಡಿ ಅಂತ ತಯಾರಕರನ್ನ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಪೀಸ್ ಬಂದಾಗ ಮೇಲ್ಮೈ ಯಾವುದು ಅಂತ ಬಣ್ಣದಲ್ಲಿ ಬರೆದಿರಬೇಕು. ಎತ್ತುವ ಕೊಕ್ಕೆ ಎಲ್ಲಿದೆಯೋ ಅಲ್ಲಿಂದ ಮಾತ್ರ ಎತ್ತಬೇಕು, ಬೆಲ್ಟ್ ನಡುವೆ ಸುತ್ತಿ ಎತ್ತಿದರೆ ಕೂರಿಸುವ ಮೊದಲೇ ಬಿರುಕು ಬಿಡುತ್ತೆ. ನಿಮ್ಮ ಅಳತೆಗೆ ಆರಿಂಚು ದಪ್ಪ ಅಂದರೆ 1350 ಕಿಲೋ, ಕ್ರೇನ್ ನಿಲ್ಲೋಕೆ ರಸ್ತೆ ಇದೆಯಾ ನೋಡಿ. ನಾಲ್ಕಡಿ ಅಂತರಕ್ಕೆ ಕೂರಿಸೋದಾದರೆ ಅಷ್ಟು ದಪ್ಪವೂ ಬೇಡ.

ಮಂಗಳೂರು_ಸ್ಟ್ರಕ್ಚರ್

ಪಾಯದ ವಿಷಯ. ಗೋಡೆ ಪಕ್ಕದ ಎರಡು ಕಂಬಕ್ಕೆ ಗುಂಡಿ ತೆಗೆಯುವಾಗ ಹಳೇ ಮನೆಯ ಪಾಯಕ್ಕಿಂತ ಕೆಳಗೆ ಹೋಗಬೇಡಿ, ಎರಡೂ ಗುಂಡಿ ಒಟ್ಟಿಗೆ ತೆಗೆದಿಡಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಜಂಬಿಟ್ಟಿಗೆ ಒಣಗಿದ್ದಾಗ ಕಲ್ಲಿನ ಹಾಗೆ ಕಂಡರೂ ನೆನೆದರೆ ಎಷ್ಟು ಭಾರ ತಡೆಯುತ್ತದೆ ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ಗುಂಡಿಯ ತಳವನ್ನು ಇಂಜಿನಿಯರ್ ಒಬ್ಬರು ಬಂದು ನೋಡಲಿ.

ಹೊಸ ಚೌಕಟ್ಟು ಮತ್ತು ಹಳೇ ಗೋಡೆಯ ನಡುವೆ 20-25 ಮಿ.ಮೀ. ಸಂದಿ ಬಿಡಿ. ಹೊಸದು ಮೊದಲ ವರ್ಷ ಸ್ವಲ್ಪ ಕೂರುತ್ತದೆ, ಗಾರೆ ಹಾಕಿ ಬೆಸೆದರೆ ಅಲ್ಲೇ ಬಿರುಕು. ಸಂದಿಗೆ ಫೋಮ್ ಹುರಿ, ಮೇಲೆ ಸೀಲೆಂಟ್, ಅದರ ಮೇಲೆ ಗೋಡೆಯಿಂದ ಇಳಿಬಿಟ್ಟ ಅಲ್ಯೂಮಿನಿಯಂ ತಗಡು. ವಾಲದಿರಲು ಕೊಂಡಿ ಹಾಕುವುದಾದರೆ ಒಳಗಿನ ಆರ್‌ಸಿಸಿ ಸ್ಲ್ಯಾಬಿನ ಅಂಚಿಗೆ ಹಾಕಿ, ಇಟ್ಟಿಗೆಗೆ ಅಲ್ಲ. ಬಾಗಿಲಿಗೆ ಕಿಟಕಿಯ ಕೆಳಗಿನ ಗೋಡೆಯನ್ನು ಮಾತ್ರ ಕಿಟಕಿಯ ಅಗಲದಷ್ಟೇ ತೆಗೆಯಿರಿ, ಆಗ ಹಳೇ ಲಿಂಟಲ್ ಮುಟ್ಟಬೇಕಿಲ್ಲ.

ಬಾಲ್ಕನಿಯ ನೆಲ ಕೋಣೆಗಿಂತ ಒಂದೆರಡು ಇಂಚು ಕೆಳಗಿರಲಿ, ಹೊರಕ್ಕೆ ನೂರಕ್ಕೆ ಒಂದರ ಇಳಿಜಾರು. ಸ್ಲ್ಯಾಬಿನ ಅಡಿಯಲ್ಲಿ ಹೊರ ಅಂಚಿನ ಉದ್ದಕ್ಕೂ ನೀರು ಕಡಿಯುವ ಗೀರು ಎರಕದಲ್ಲೇ ಬರಲಿ. ಜೋರು ಮಳೆಗೆ ಒಡ್ಡಿದ ಕಾಂಕ್ರೀಟನ್ನು ಐಎಸ್ 456 ತೀವ್ರ ವರ್ಗಕ್ಕೆ ಸೇರಿಸುತ್ತದೆ: 45 ಮಿ.ಮೀ. ಕವರ್, ಕನಿಷ್ಠ ಎಂ30 ಗ್ರೇಡಿನ ಕಾಂಕ್ರೀಟ್. ತಯಾರಕರು 20 ಎಂಎಂ ಕವರ್ ಅಂದರೆ ಸಾಗರದ ಮಳೆಗೆ ಅದು ಆಗದು. ಕಟ್ಟೆಗೆ ಇಟ್ಟಿಗೆ ಬದಲು ಸ್ಟೀಲ್ ರೇಲಿಂಗ್ ಹಾಕಿ.

ಸಾಗರ_ಮನೆ

ಶಿವಮೊಗ್ಗದ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಮಾತಾಡಿಸಿದೆ, ಮುಂದಿನ ವಾರ ಬಂದು ನೋಡ್ತಾರೆ. ಕೆಲಸ ದೀಪಾವಳಿ ಕಳೆದ ಮೇಲೆ. ನಿಮ್ಮೆಲ್ಲರ ಉತ್ತರ ಪ್ರಿಂಟ್ ತೆಗೆದು ಅವರ ಮುಂದೆ ಇಡ್ತೀನಿ.

ಸುರತ್ಕಲ್_ಫ್ಲಾಟ್

ನನ್ನದೂ ಒಂದು ಉಂಟು, ಇಲ್ಲೇ ಕೇಳುತ್ತೇನೆ. ನಮ್ಮ ಅಪಾರ್ಟ್‌ಮೆಂಟ್ ಇಪ್ಪತ್ತೈದು ವರ್ಷದ್ದು, ಸಮುದ್ರ ಹತ್ತಿರ. ಬಾಲ್ಕನಿ ಟೈಲ್ಸಿನಲ್ಲಿ ಗೋಡೆಯ ಉದ್ದಕ್ಕೇ ಒಂದು ಗೆರೆ ಬಿಟ್ಟಿದೆ, ಬೆರಳುಗುರು ಹೋಗುವಷ್ಟು. ಅಡಿಯಲ್ಲಿ ಕಂದು ಕಲೆ. ಮೊದಲಿನವರು ಹಳೇ ಟೈಲ್ಸ್ ಮೇಲೇ ಹೊಸ ಟೈಲ್ಸ್ ಹಾಕಿಸಿದ್ದಾರೆ. 500 ಲೀಟರಿನ ಟ್ಯಾಂಕ್ ಮತ್ತು ಹೂಕುಂಡ ಎಲ್ಲ ಅದರ ಮೇಲೆಯೇ ಇವೆ. ಸಿಮೆಂಟ್ ಹಚ್ಚಿದರೆ ಸಾಕಾ?

ಮಂಗಳೂರು_ಸ್ಟ್ರಕ್ಚರ್

ಇವತ್ತೇ ಟ್ಯಾಂಕ್ ಖಾಲಿ ಮಾಡಿ. ತುಂಬಿದ್ದರೆ ಅದೊಂದೇ ಅರ್ಧ ಟನ್, ಅದೂ ತುದಿಯಲ್ಲಿ ಇಟ್ಟಿದ್ದರೆ ತೋಳು ಚಾಚಿ ತುಂಬಿದ ಕೊಡ ಹಿಡಿದ ಹಾಗೆ ಬುಡಕ್ಕೆ ಬೀಳುತ್ತದೆ. ಕುಂಡಗಳನ್ನು ಒಳಗೆ ತನ್ನಿ, ನೆನೆದ ಮಣ್ಣು ನೀರಿಗಿಂತ ಭಾರ. ಎರಡನೇ ಪದರದ ಟೈಲ್ಸ್ ಮತ್ತು ಗಾರೆ ಚದರ ಮೀಟರಿಗೆ ಇನ್ನೊಂದು 100 ಕಿಲೋ ಆಗಿರಬಹುದು. ಬಾಲ್ಕನಿ ಬಾಗಿಲಿಗೆ ಬೀಗ ಹಾಕಿ, ಮಕ್ಕಳು ಹೋಗುವುದು ಬೇಡ. ಕೆಳಗಿನ ಮನೆಯವರಿಗೂ ತಿಳಿಸಿ.

ಸಿಮೆಂಟ್ ಹಚ್ಚಬೇಡಿ. ಗೋಡೆಯ ಉದ್ದಕ್ಕೆ ಮೇಲ್ಮೈಯಲ್ಲಿ ಬಂದ ಗೆರೆ ಅಂದರೆ ಎಳೆತ ಇರುವ ಜಾಗದಲ್ಲೇ ಬಂದ ಗೆರೆ. ಬರೀ ಟೈಲ್ಸ್ ಸಂದಿ ಬಿಟ್ಟಿರಲೂಬಹುದು, ಆದರೆ ಅಡಿಯಲ್ಲಿ ಕಂದು ಕಲೆ ಇದೆ ಅನ್ನುತ್ತೀರಿ, ಹಾಗಾಗಿ ರಾಡಿಗೆ ತುಕ್ಕು ಹಿಡಿದಿದೆ ಅಂತಲೇ ಹಿಡಿದು ನಡೆಯಬೇಕು. ಗೆರೆ ಮುಚ್ಚಿದರೆ ನೋಡಲು ಬರುವವರಿಗೆ ಗುರುತೂ ಸಿಗುವುದಿಲ್ಲ. ಟೈಲ್ಸ್ ತೆಗೆಸಿ, ರಾಡ್ ಎಷ್ಟು ಆಳದಲ್ಲಿದೆ ಅಂತ ಕವರ್ ಮೀಟರಿನಿಂದ ನೋಡಿಸಿ, ಗೋಡೆಯಂಚಿನಲ್ಲಿ ಒಂದೆರಡು ಕಡೆ ಸ್ವಲ್ಪ ಕೊರೆದು ರಾಡ್ ಎಷ್ಟು ಉಳಿದಿದೆ ಅಂತ ಕಣ್ಣಾರೆ ನೋಡಬೇಕು. ಆದರೆ ಪ್ರಾಪ್ ನಿಲ್ಲಿಸುವವರೆಗೆ ಯಾರೂ ಅಲ್ಲಿ ಬ್ರೇಕರ್ ಮುಟ್ಟಬಾರದು.

ಸುರತ್ಕಲ್_ಫ್ಲಾಟ್

ಬೀಗ ಹಾಕಿ ಆಯಿತು, ಟ್ಯಾಂಕ್ ಖಾಲಿ. ಅಸೋಸಿಯೇಷನ್‌ನವರು ನಾಳೆ ಪ್ರಾಪ್ ತರಿಸುತ್ತೇವೆ ಅಂತ ಒಪ್ಪಿದ್ದಾರೆ. ನಮ್ಮದು ಮೂರನೇ ಮಹಡಿ. ಎರಡನೇ ಮಹಡಿಯ ಬಾಲ್ಕನಿಯಿಂದ ನಮ್ಮದಕ್ಕೆ ಕೊಟ್ಟರೆ ಆಗುವುದಲ್ಲ?

ಪ್ರೀಕಾಸ್ಟ್_ಹೊಸಕೋಟೆ

ಆಗಲ್ಲ ಮೇಡಂ. ಹಾಗೆ ಮಾಡಿದರೆ ನಿಮ್ಮ ಬಾಲ್ಕನಿಯ ಭಾರ ಎರಡನೇ ಮಹಡಿಯದಕ್ಕೆ ಬೀಳುತ್ತೆ, ಅದಕ್ಕೂ ಅಷ್ಟೇ ವಯಸ್ಸು, ಅದೇ ಗಾಳಿ. ಎರಡನೆಯದರ ಕೆಳಗೆ ಮೊದಲನೆಯದು, ಅದರ ಕೆಳಗೆ ನೆಲ, ಹೀಗೆ ಎಲ್ಲ ಮಹಡಿಯಲ್ಲೂ ಒಂದೇ ಗೆರೆಯಲ್ಲಿ ಪ್ರಾಪ್ ನಿಲ್ಲಬೇಕು. ಕೆಳಗಿಂದ ಮೇಲಕ್ಕೆ ನಿಲ್ಲಿಸ್ತಾ ಬನ್ನಿ. ನೆಲದಲ್ಲಿ ಇಂಟರ್‌ಲಾಕ್ ಇಟ್ಟಿಗೆ ಇದ್ದರೆ ಅದರ ಮೇಲೆ ದಪ್ಪ ಮರದ ಹಲಗೆ ಹಾಸಿ. ಪ್ರಾಪನ್ನ ಕೈಯಲ್ಲಿ ತಿರುಗಿಸಿ ತಾಗುವಷ್ಟು ಬಿಗಿ ಮಾಡಿದರೆ ಸಾಕು. ಸ್ಪ್ಯಾನರ್ ಹಾಕಿ ಮೇಲಕ್ಕೆ ಎತ್ತೋಕೆ ಹೋದರೆ ಬಿರುಕು ದೊಡ್ಡದಾಗುತ್ತೆ.